ಮನೆವಾರ್ತೆ: ತಿರುಗದ ವಾಲ್ವು

ದಿನವೂ ಕೈಗೆ ಹತ್ತುವ ಸಾಮಾನುಗಳ ಯೋಗಕ್ಷೇಮವನ್ನು ಗೃಹಸ್ಥರಾದ ನಾವೆಲ್ಲರೂ ತಕ್ಕಮಟ್ಟಿಗೆ ನೋಡಿಕೊಳ್ಳುವೆವು. ಕುಡುಗೋಲು ಮೊಂಡಾದರೆ ಸಾಣೆ ಹಿಡಿಸುವೆವು. ಕೊಡ ಸೋರಿದರೆ ಬೆಸುಗೆ ಹಾಕಿಸುವೆವು. ಬಾಗಿಲು ಕಿರುಗುಟ್ಟಿದರೆ ತಿರುಗಣಿಗೆ ಎಣ್ಣೆ ಬಿಡುವೆವು. ಆದರೆ ವರ್ಷಾನುವರ್ಷ ಕೆಲಸವಿಲ್ಲದೆ ಕುಳಿತು, ಆಪತ್ತಿನ ಗಳಿಗೆಯಲ್ಲಿ ಮಾತ್ರ ಬೇಕಾಗುವ ಸಾಮಾನುಗಳನ್ನು ಮರೆತೇ ಬಿಡುವೆವು. ಬಚ್ಚಲುಮನೆಯ ಬೇಸಿನ್ನಿನ ಕೆಳಗೆ, ಪಾಯಖಾನೆಯ ಫ್ಲಶ್ ಟಾಕಿಯ ಮಗ್ಗುಲಲ್ಲಿ, ಗೀಜರಿನ ಅಡಿಯಲ್ಲಿ ಗೋಡೆಗೆ ಅಂಟಿಕೊಂಡಿರುವ ಚಿಕ್ಕ ಚಿಕ್ಕ ವಾಲ್ವುಗಳು ಇಂಥ ಸಾಮಾನುಗಳಲ್ಲಿ ಮೊದಲನೆಯವು. ನೀರನ್ನು ಬಿಡುವದು ನಳದ ಕೆಲಸ. ನೀರನ್ನು ತಡೆಯುವದು ಈ ವಾಲ್ವಿನ ಕೆಲಸ. ತಡೆಯಬೇಕಾದ ದಿನ ಅದು ತಡೆಯದೆ ಹೋದರೆ ಏನಾಗುವದೆಂಬದನ್ನು ನಾವು ಕಣ್ಣಾರೆ ಕಂಡೆವು. ಆದಕಾರಣವೇ ಈ ತಿಂಗಳ ಮನೆವಾರ್ತೆಯನ್ನು ಅದಕ್ಕೆ ಮೀಸಲಿಟ್ಟಿದ್ದೇವೆ.

ಕಳೆದ ವೈಶಾಖದಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರ ಮಗಳ ಕುಬಸದ ಕಾರ್ಯಕ್ಕೆಂದು ಗುಂಡಗುರ್ತಿಗೆ ಹೋಗಿದ್ದೆವು. ಬಿಸಿಲಿನ ದಿನಗಳು; ನಳದ ನೀರಿನ ಸರದಿಯು ಇನ್ನೂ ಎರಡು ದಿನಕ್ಕಿದ್ದಿತು. ಆದಕಾರಣ ಮನೆಯವರು ಜಾಣತನದಿಂದ ಮಾಳಿಗೆಯ ಮೇಲಿನ 1000 ಲೀಟರಿನ ಟಾಕಿಯನ್ನು ಮುಂಚಿತವಾಗಿ ತುಂಬಿಸಿಟ್ಟುಕೊಂಡಿದ್ದರು. ಮರುದಿನ ನೂರು ಜನರ ಊಟ. ರಾತ್ರಿ ಎರಡು ಗಂಟೆಯ ಸುಮಾರಿಗೆ ಬಚ್ಚಲುಮನೆಯಲ್ಲಿ ಏನೋ ಸಿಡಿದಂತೆ ಸಪ್ಪಳವಾಯಿತು. ಬೇಸಿನ್ನಿಗೆ ನೀರೊಯ್ಯುವ ಕನೆಕ್ಷನ್ ಪೈಪು ಬಿರಿದು ನೀರು ಗೋಡೆಗೆ ರಾಚುತ್ತಿದ್ದಿತು. ಮೊದಲು ಎಚ್ಚತ್ತವಳು ಮನೆಯ ಸೊಸೆ. ಆಕೆ ಓಡಿಹೋಗಿ ಕೆಳಗಿನ ವಾಲ್ವನ್ನು ಹಿಡಿದು ತಿರುವಿದಳು. ಎರಡೂ ಕೈಗಳಿಂದ ತಿರುವಿದಳು. “ಅತ್ತೀ, ವಾಲ್ವು ತಿರಗವಲ್ದು!” ಎಂದು ಆಕೆ ಕೂಗಿದ ಧ್ವನಿಯಿಂದಲೇ ನಮಗೆಲ್ಲ ಎಚ್ಚರವಾಯಿತು. ಮತ್ತೊಮ್ಮೆ ಬಲವಾಗಿ ತಿರುವಲು ಅದರ ಹಿಡಿಕೆಯು ಮುರಿದು ಆಕೆಯ ಕೈಯಲ್ಲಿಯೇ ಬಂದಿತು.

ನಮ್ಮ ಸ್ನೇಹಿತರು ಮಾಳಿಗೆಗೆ ಓಡಿದರು. ಟಾಕಿಯ ಬುಡದಲ್ಲಿದ್ದ ದೊಡ್ಡ ವಾಲ್ವಿನ ಚಕ್ರವು ತಿರುಗಿತು, ತಿರುಗಿತು, ತಿರುಗುತ್ತಲೇ ಇದ್ದಿತು. ಆದರೆ ನೀರು ನಿಲ್ಲಲಿಲ್ಲ. ಒಳಗಿನ ತಡೆಬಿಲ್ಲೆಯು ಎಂದೋ ಸಿಕ್ಕಿಕೊಂಡಿದ್ದಿತು. ಚಕ್ರದ ದಂಡವಷ್ಟೇ ಕಳಚಿಕೊಂಡು ಬರಿದೆ ಸುತ್ತುತ್ತಿದ್ದಿತು. ಅರ್ಧ ಇಂಚಿನ ಪೈಪಿನಿಂದ ನಿಮಿಷಕ್ಕೆ 15 ಲೀಟರಿನಂತೆ ನೀರು ಹೋಗುವದೆಂದು ಹಿಡಿದರೂ 1000 ಲೀಟರಿನ ಟಾಕಿ ಬರಿದಾಗಲು ಒಂದು ಗಂಟೆ ಏಳು ನಿಮಿಷ ಸಾಕು. ಹಾಗೆಯೇ ಆಯಿತು. ನೀರು ಪಡಸಾಲೆಯನ್ನು ದಾಟಿ ಕಾಳಿನ ಕೋಣೆಗೆ ಹೊಕ್ಕು, ಕೆಳಗಿನ ಸಾಲಿನ ಜೋಳದ ಚೀಲಗಳನ್ನು ನೆನೆಯಿಸಿತು. ಬೆಳಗಾದ ಮೇಲೆ ಓಣಿಯ ನಾಲ್ಕಾರು ಮನೆಗಳವರು ತಮ್ಮ ತಮ್ಮ ಕೊಡಗಳನ್ನು ಹೊತ್ತು ತಂದುದರಿಂದ ಕಾರ್ಯವೇನೋ ಸಾಂಗವಾಯಿತು. ಆದರೆ ಬಂದ ಬೀಗರೆದುರಿಗೆ ಒಂದು ಮಾತು ನಿಂತುಹೋಯಿತು: “ಸೊಸಿ ಜೋರ್ ಮಾಡಿ ಮುರದಳು.” ಆ ಹುಡುಗಿ ಮಾರುತ್ತರವಾಡದೆ ನೆಲ ಒರೆಸುತ್ತಿದ್ದಳು.

ಬಿಡುವಾದ ಮೇಲೆ ಆ ಮುರಿದ ವಾಲ್ವನ್ನು ನಾವು ಬಿಚ್ಚಿ ನೋಡಿದೆವು. ಒಳಗೆಲ್ಲ ಬಿಳಿಯ ಗಟ್ಟಿ ಪದರು. ತಿರುಪಿನ ಸಂದುಗಳು ಗಾರೆ ಮೆತ್ತಿದಂತೆ ಮುಚ್ಚಿಹೋಗಿದ್ದವು. ಹೊರಗಿನ ಹಿತ್ತಾಳೆಯು ಕೆಲವೆಡೆ ತನ್ನ ಹಳದಿ ಬಣ್ಣವನ್ನು ಬಿಟ್ಟು ಕೆಂಪಗಾಗಿದ್ದಿತು. ಮನೆ ಕಟ್ಟಿಸಿ ಹನ್ನೊಂದು ವರ್ಷಗಳಾಗಿದ್ದವು. ಆ ಹನ್ನೊಂದು ವರ್ಷಗಳಲ್ಲಿ ಅದನ್ನು ಯಾರೂ ಒಮ್ಮೆಯೂ ತಿರುವಿರಲಿಲ್ಲ. ಅಂದಮೇಲೆ ಅದನ್ನು ಮುರಿದುದು ಸೊಸೆಯ ಕೈಯಲ್ಲ; ಯಾರ ಕೈಯೂ ಅದಕ್ಕೆ ಹತ್ತದೆ ಹೋದುದೇ ಅದನ್ನು ಮುರಿಯಿತು. ಇನ್ನೊಂದು ಮಾತನ್ನು ನಾವು ಮರೆಮಾಚಲಾರೆವು. ಆ ವಾಲ್ವು ಆರು ತಿಂಗಳಿಂದ ಹನಿಯುತ್ತಿದೆಯೆಂದು ಆ ಸೊಸೆಯೇ ಹೇಳಿದ್ದಳಂತೆ. ಅದರ ಪರಿಹಾರವೆಂದು ಮನೆಯವರು ಕೆಳಗೊಂದು ಡಬ್ಬಿಯನ್ನು ಇಟ್ಟಿದ್ದರು. ಹಿಂದಿನ ದಿನದ ಸಂಜೆ ಕೈ ತೊಳೆಯುವಾಗ ಆ ಡಬ್ಬಿಯನ್ನು ನಾವೂ ಕಂಡಿದ್ದೆವು. ಪರರಿಗೆ ಬುದ್ಧಿ ಹೇಳುವ ಈ ಪುಟವನ್ನು ಬರೆಯುವ ನಾವೂ ಕಂಡು ಸುಮ್ಮನಿದ್ದೆವು.

ಹನಿಯ ಲೆಕ್ಕವನ್ನು ವಾಚಕರು ಒಮ್ಮೆ ಮಾಡಿ ನೋಡಬೇಕು. ಸುಮಾರು 20 ಹನಿಗಳಿಗೆ ಒಂದು ಮಿಲಿಲೀಟರು. ಕ್ಷಣಕ್ಕೊಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿಗಳು, ಎಂದರೆ ನಾಲ್ಕು ಲೀಟರಿಗಿಂತ ತುಸು ಹೆಚ್ಚು. ಆರು ತಿಂಗಳಿಗೆ ಅದು ಸುಮಾರು 780 ಲೀಟರಾಗುವದು. 2019ನೆಯ ಇಸವಿಯ ಆಗಸ್ಟ್ 15ರಂದು ಸಾರಲ್ಪಟ್ಟ ಜಲ ಜೀವನ ಮಿಶನ್ ಎಂಬ ಯೋಜನೆಯಲ್ಲಿ ಹಳ್ಳಿಯ ಪ್ರತಿಯೊಬ್ಬನಿಗೂ ದಿನಕ್ಕೆ 55 ಲೀಟರು ನೀರೆಂದು ಗೊತ್ತುಮಾಡಿದ್ದಾರೆ. ಐದು ಜನರ ಮನೆಗೆ ಅದು 275 ಲೀಟರು. ಈ ಅಳತೆಯಿಂದ ನೋಡಿದರೆ ಆ ಡಬ್ಬಿಯು ಮೂರು ದಿನಗಳ ಸಂಸಾರದ ನೀರನ್ನು ಹನಿಹನಿಯಾಗಿ ಕುಡಿದುಬಿಟ್ಟಿತ್ತು. ಕೊನೆಗೆ ಒಂದೇ ರಾತ್ರಿಯಲ್ಲಿ ಮತ್ತೂ ಮೂರುವರೆ ದಿನಗಳ ನೀರು ಹರಿದುಹೋಯಿತು.

ಇನ್ನು, ವಾಲ್ವಿನೊಳಗೆ ಆ ಬಿಳಿಯ ಪದರು ಎಲ್ಲಿಂದ ಬಂದಿತು? ಇದನ್ನು ತಿಳಿಯಲು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸೀಮೆಯವರು ದೂರ ಹೋಗಬೇಕಾದುದಿಲ್ಲ. ತಮ್ಮ ಕಾಲ ಕೆಳಗೆ ನೋಡಿದರೆ ಸಾಕು. ಅಂಗಳಕ್ಕೂ ಬಚ್ಚಲಿಗೂ ಹಾಸಿರುವ ಶಹಾಬಾದಿ ಫರಸಿಯು ಸುಣ್ಣಗಲ್ಲು. ಸಿಮೆಂಟಿನ ಕಾರ್ಖಾನೆಗಳು ಈ ಕಡೆಗೆ ಬಂದು ನೆಲೆಸಿದುದೂ ಈ ಕಲ್ಲಿಗಾಗಿಯೇ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುವದು. ಆ ಹುಳಿನೀರು ಸುಣ್ಣಗಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುವದು. ಅದೇ ನೀರು ಕೊಳವೆಬಾವಿಯಿಂದ ಮೇಲೆ ಬಂದು, ಟಾಕಿಯಲ್ಲಿ ಗಾಳಿಗೆ ತೆರೆದುಕೊಂಡಾಗ ಅಥವಾ ಗೀಜರಿನಲ್ಲಿ ಕಾದಾಗ, ಹೀರಿದ್ದ ವಾಯುವನ್ನು ಬಿಟ್ಟುಕೊಡುವದು. ಆಗ ಕರಗಿದ್ದ ಕಲ್ಲು ಪುನಃ ಕಲ್ಲಾಗಿ, ಪೈಪಿನ ಗೋಡೆಗೂ ವಾಲ್ವಿನ ಸಂದಿಗೂ ಹತ್ತಿಕೊಳ್ಳುವದು. ಬಿಸಿನೀರಿನ ವಾಲ್ವುಗಳು ತಣ್ಣೀರಿನವುಗಳಿಗಿಂತ ಮೊದಲು ಕೆಡುವದು ಈ ಕಾರಣದಿಂದಲೇ.

ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನ ಒಳಗಿರುವದು ಲೇಸೆಂದೂ, ಬೇರೆ ನೀರು ಸಿಕ್ಕದಿದ್ದಲ್ಲಿ 600ರ ವರೆಗೆ ನಡೆದೀತೆಂದೂ 10500 ಎಂಬ ಅಂಕೆಯ ಭಾರತೀಯ ಮಾನಕವು ಹೇಳುವದು. ಇವೆರಡರ ನಡುವೆ ಲೀಟರಿಗೆ 300 ಮಿಲಿಗ್ರಾಮಿನ ನೀರೆಂದು ಹಿಡಿಯೋಣ. ದಿನಕ್ಕೆ 275 ಲೀಟರು ಬಳಸುವ ಮನೆಯ ಪೈಪುಗಳಲ್ಲಿ ವರ್ಷಕ್ಕೆ ಸುಮಾರು 30 ಕಿಲೋ ಸುಣ್ಣಗಲ್ಲು ಕಣ್ಣಿಗೆ ಕಾಣದೆ ಹರಿದುಹೋಗುವದು! ಅದರ ಬಹುಭಾಗವು ನೀರಿನೊಡನೆಯೇ ಹೊರಬೀಳುವದೆಂಬದು ನಿಜ. ಆದರೆ ವಾಲ್ವನ್ನು ಕಟ್ಟಿಹಾಕಲು ಒಂದು ಚಿಟಿಕೆ ಸಾಕು. ನೀರು ಗಡಸೆಂದು ಹಳಿದು ಫಲವಿಲ್ಲ. ನಮ್ಮ ನೆಲವೇ ಹಾಗಿರುವದರಿಂದ ನಮ್ಮ ಜಾಗರೂಕತೆಯೂ ಅದಕ್ಕೆ ತಕ್ಕಂತಿರಬೇಕು.

ವಾಲ್ವುಗಳಲ್ಲಿ ಮನೆಗೆ ಸಂಬಂಧಿಸಿದ ಬಗೆಗಳು ನಾಲ್ಕು; ಅವುಗಳ ಗುರುತು ಗೃಹಸ್ಥನಿಗಿರಬೇಕು. ಮೊದಲನೆಯದು ಗೇಟ್ ವಾಲ್ವು. ಇದಕ್ಕೆ ಚಕ್ರದಂಥ ಹಿಡಿಕೆ. ಒಳಗೆ ಒಂದು ಬಿಲ್ಲೆಯು ಬಾಗಿಲಿನಂತೆ ಇಳಿದು ನೀರನ್ನು ತಡೆಯುವದು. ಟಾಕಿಯ ಬುಡದಲ್ಲಿ ಹೆಚ್ಚಾಗಿ ಇದನ್ನೇ ಹಾಕುವರು. ಇದನ್ನು ಪೂರ್ತಿ ತೆರೆದಿಡಬೇಕು, ಇಲ್ಲವೆ ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ನಿಲ್ಲಿಸಿದರೆ ಬಿಲ್ಲೆಯು ಸವೆಯುವದು. ಎರಡನೆಯದು ಒಳಗೆ ರಬ್ಬರಿನ ವಾಶರು ಇರುವ ತಿರುಪಿನ ಕಾಕು. ಹಿಡಿಕೆಯನ್ನು ಹಲವು ಸುತ್ತು ತಿರುವಿದಾಗ ವಾಶರು ಕೆಳಗಿನ ಪೀಠದ ಮೇಲೆ ಒತ್ತಿ ಕುಳಿತುಕೊಳ್ಳುವದು. ಈ ಉಪಾಯವೇನೂ ಹೊಸದಲ್ಲ. ತಿರುಪಿನ ನಳಕ್ಕೆ ಇಂಗ್ಲೆಂಡಿನ ರಾದರಮ್ ಪಟ್ಟಣದ ಗೆಸ್ಟ್ ಮತ್ತು ಕ್ರೈಮ್ಸ್ ಕಾರ್ಖಾನೆಯವರು 1845ರಲ್ಲಿಯೇ ಸನ್ನದು ಪಡೆದಿದ್ದರು. ಮೂರನೆಯದು ಕಾಲು ಸುತ್ತಿಗೆ ಮುಚ್ಚುವ ಈಗಿನ ಕಾಕು. ಇದರೊಳಗೆ ಪಿಂಗಾಣಿಯಂಥ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುವವು. ನಾಲ್ಕನೆಯದು ಬಾಲ್ ವಾಲ್ವು. ತೂತುಳ್ಳ ಗುಂಡೊಂದು ಒಳಗೆ ತಿರುಗುವದು, ಹೊರಗೆ ಉದ್ದನೆಯ ಹಿಡಿಕೆಯಿರುವದು. ಹಿಡಿಕೆಯು ಪೈಪಿನ ನೇರಕ್ಕಿದ್ದರೆ ತೆರೆದಿದೆಯೆಂತಲೂ ಅಡ್ಡಕ್ಕಿದ್ದರೆ ಮುಚ್ಚಿದೆಯೆಂತಲೂ ದೂರದಿಂದಲೇ ತಿಳಿಯುವದು. ಬೇಸಿನ್ನಿನ ಕೆಳಗೆ ಗೋಡೆಯಿಂದ ಹೊರಬಂದು ಮೇಲಕ್ಕೆ ತಿರುಗಿರುವ ವಾಲ್ವನ್ನು ಅಂಗಡಿಯವರು ಆಂಗಲ್ ಕಾಕ್ ಎನ್ನುವರು. ಅದು ಎರಡನೆಯ ಬಗೆಯದಾಗಿರಬಹುದು, ಮೂರನೆಯ ಬಗೆಯದೂ ಆಗಿರಬಹುದು.

ಕೆಟ್ಟ ವಾಲ್ವುಗಳನ್ನೆಲ್ಲ ಎಸೆಯಬೇಕೆಂದಿಲ್ಲ. ಹಿಡಿಕೆಯ ಬುಡದಿಂದ ನೀರು ಜಿನುಗಿದರೆ ಅಲ್ಲಿರುವ ನಟ್ಟನ್ನು ಪಾನೆಯಿಂದ ಸ್ವಲ್ಪವೇ ಬಿಗಿದರೆ ಅನೇಕವೇಳೆ ನಿಲ್ಲುವದು. ತಿರುಪಿನ ಕಾಕು ಮುಚ್ಚಿದ ಮೇಲೂ ನೀರು ಬಿಟ್ಟರೆ ವಾಶರು ಸವೆದಿದೆಯೆಂದರ್ಥ, ಅದನ್ನು ಬದಲಿಸಬಹುದು. ಆದರೆ ಮೈಮೇಲೆ ಬಿಳಿಯ ಅಥವಾ ಹಸಿರು ಹೊಪ್ಪಳಿಕೆ ಎದ್ದಿದ್ದರೆ, ಹಿತ್ತಾಳೆಯು ಕೆಂಪು ತಿರುಗಿದ್ದರೆ, ಬಿರುಕು ಕಂಡರೆ, ಇಲ್ಲವೆ ತಿರುವಲು ಎರಡೂ ಕೈಗಳು ಬೇಕಾದರೆ, ರಿಪೇರಿಯ ಆಸೆಯನ್ನು ಬಿಟ್ಟು ವಾಲ್ವನ್ನೇ ಬದಲಿಸತಕ್ಕದ್ದು. ಕೆಂಪು ತಿರುಗುವದರ ಮರ್ಮವೇನೆಂದರೆ, ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಣ. ಕಾಲಾಂತರದಲ್ಲಿ ಸತುವು ನೀರಿನೊಡನೆ ಹೊರಟುಹೋಗಿ, ಜಾಳಾದ ತಾಮ್ರವಷ್ಟೇ ಉಳಿಯುವದು. ಅಂಥ ಲೋಹವು ಒರಲೆ ತಿಂದ ತೊಲೆಯಂತೆ. ನೋಡಲು ಇದ್ದೇ ಇರುವದು, ಆದರೆ ಭಾರ ತಾಳದು.

ಬದಲಿಸುವ ಕೆಲಸಕ್ಕೆ ದಿನವನ್ನು ನೋಡಿ ಗೊತ್ತುಮಾಡಬೇಕು. ಸಂಜೆಯಲ್ಲಿ ಬೇಡ, ಹಬ್ಬದ ಹಿಂದಿನ ದಿನ ಬೇಡ, ಅಂಗಡಿಗಳು ಮುಚ್ಚಿರುವ ದಿನವಂತೂ ಬೇಡವೇ ಬೇಡ. ಟಾಕಿಯಲ್ಲಿ ನೀರು ತಳಕ್ಕಿಳಿದಿರುವ, ಮರುದಿನ ನಳದ ಸರದಿಯಿರುವ ದಿನದ ಬೆಳಗಿನ ಹೊತ್ತು ಉತ್ತಮ. ಅಡಿಗೆಗೂ ಪಾಯಖಾನೆಗೂ ಬೇಕಾಗುವಷ್ಟು ನೀರನ್ನು ಮೊದಲೇ ಕೊಡ ಬಕೀಟುಗಳಲ್ಲಿ ತುಂಬಿಡಬೇಕು. ಎರಡು ಪಾನೆಗಳು, ಹಳೆಯ ಹಲ್ಲುಜ್ಜುವ ಬ್ರಶ್ಶು, ಟೆಫ್ಲಾನ್ ಟೇಪು, ಬಟ್ಟೆಯ ಚೂರುಗಳು, ಬ್ಯಾಟರಿಯ ದೀಪ, ಇಷ್ಟು ಕೈಯಳತೆಯಲ್ಲಿರಲಿ. ಅಂಗಡಿಗೆ ಹೋಗುವಾಗ ಹಳೆಯ ವಾಲ್ವಿನ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಹೋದರೆ ತಪ್ಪು ಸಾಮಾನು ಬಾರದು. ಮನೆಗಳಲ್ಲಿ ಬಹುಮಟ್ಟಿಗೆ ಅರ್ಧ ಇಂಚಿನ, ಎಂದರೆ 15 ಮಿಲಿಮೀಟರಿನ ಅಳತೆಯೇ ಇರುವದು. ಕೈಯಲ್ಲಿ ಹಿಡಿದಾಗ ತೂಕವಿರುವ, ಮಾನಕದ ಗುರುತುಳ್ಳ ವಾಲ್ವನ್ನೇ ಕೊಳ್ಳಬೇಕು. ಹೊಳಪನ್ನು ನೋಡಿ ಮರುಳಾಗಬಾರದು. ಕನೆಕ್ಷನ್ ಪೈಪು ಹಳೆಯದಾಗಿದ್ದರೆ ಅದನ್ನೂ ಜೊತೆಗೆ ತರಬೇಕು. ಗುಂಡಗುರ್ತಿಯಲ್ಲಿ ಬಿರಿದುದು ಅದೇ.

ಕೆಲಸದ ಕ್ರಮವು ಹೀಗೆ. ಮೊದಲು ಗೀಜರಿನ ವಿದ್ಯುತ್ತನ್ನು ಆರಿಸಬೇಕು. ನೀರಿಲ್ಲದೆ ಕಾದರೆ ಅದರ ಕಂಬಿಯು ಸುಟ್ಟುಹೋಗುವದು. ಆ ಮೇಲೆ ಟಾಕಿಯ ಬುಡದ ದೊಡ್ಡ ವಾಲ್ವನ್ನು ಮುಚ್ಚಿ, ಮನೆಯ ಅತಿ ಕೆಳಗಿನ ನಳವನ್ನು ತೆರೆದಿಟ್ಟು ಕಾಯಬೇಕು. ಪೈಪಿನಲ್ಲಿದ್ದ ನೀರೆಲ್ಲ ಇಳಿದು ನಳವು ಪೂರ್ತಿ ನಿಲ್ಲಬೇಕು. ನೂಲಿನಷ್ಟು ಧಾರೆಯು ಎಡೆಬಿಡದೆ ಬರುತ್ತಿದ್ದರೆ, ದೊಡ್ಡ ವಾಲ್ವೇ ಕೆಟ್ಟಿದೆಯೆಂದು ತಿಳಿದು ಅಲ್ಲಿಗೇ ನಿಲ್ಲಿಸತಕ್ಕದ್ದು. ಚಿಕ್ಕದನ್ನು ಬಿಚ್ಚುವ ಮೊದಲು ದೊಡ್ಡದು ಸರಿಯಾಗಬೇಕು. ಟಾಕಿ ಪೂರ್ಣ ಬರಿದಾದ ದಿನ ಮೊದಲು ಅದನ್ನೇ ಬದಲಿಸಬೇಕು. ಆ ಸ್ಥಾನಕ್ಕೆ ಗೇಟ್ ವಾಲ್ವಿಗಿಂತ ಬಾಲ್ ವಾಲ್ವು ಲೇಸೆಂದು ನಮ್ಮ ಅಭಿಪ್ರಾಯ. ಈ ಒಂದು ನಿಯಮವನ್ನು ಮೀರಿ ಅವಸರಪಟ್ಟವರೇ ಗೋಡೆಯ ತೂತನ್ನು ಹೆಬ್ಬೆಟ್ಟಿನಿಂದ ಮುಚ್ಚಿಕೊಂಡು ಕೂಗಬೇಕಾಗುವದು.

ನೀರು ನಿಂತುದು ಖಚಿತವಾದ ಮೇಲೆ, ಕೆಳಗೆ ಬಕೀಟನ್ನಿಟ್ಟು, ಒಂದು ಪಾನೆಯಿಂದ ವಾಲ್ವನ್ನು ಹಿಡಿದು ಇನ್ನೊಂದರಿಂದ ಕನೆಕ್ಷನ್ ಪೈಪಿನ ನಟ್ಟನ್ನು ಬಿಚ್ಚಬೇಕು. ಬಳಿಕ ಹಳೆಯ ವಾಲ್ವನ್ನು ಎಡಕ್ಕೆ, ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಮೆಲ್ಲಗೆ ತಿರುವಬೇಕು. ಬಾರದಿದ್ದರೆ ಬಲಪ್ರಯೋಗ ಬೇಡ. ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗೆ ಬಿಟ್ಟು ಒಂದು ತಾಸು ಕಾದು, ಮೊದಲು ಎಳ್ಳಷ್ಟು ಬಲಕ್ಕೆ ಬಿಗಿದು, ಆಮೇಲೆ ಎಡಕ್ಕೆ ತಿರುವಿದರೆ ಹಿಡಿತವು ಸಡಿಲುವದುಂಟು. ಬೆಂಕಿಯಿಂದ ಕಾಸುವದು ಹಳೆಯ ಕಬ್ಬಿಣದ ಪೈಪಿನ ಕಾಲದ ಪದ್ಧತಿ. ಈಗ ಗೋಡೆಯೊಳಗೆ ಪ್ಲಾಸ್ಟಿಕ್ ಪೈಪಿರುವಲ್ಲಿ ಅದು ಅನರ್ಥಕ್ಕೆ ಹಾದಿ. ಇಷ್ಟಾದರೂ ಅಲುಗದಿದ್ದರೆ, ಅಥವಾ ಪೈಪು ಕಬ್ಬಿಣದ್ದಾಗಿದ್ದು ತುಕ್ಕಿನ ಪುಡಿಯು ಉದುರುತ್ತಿದ್ದರೆ, ಅನುಭವಿಯಾದ ನಳದ ಕೆಲಸದವರನ್ನು ಕರೆಯಿಸತಕ್ಕದ್ದು. ಪೈಪಿನ ತುದಿಯು ಗೋಡೆಯೊಳಗೆ ಮುರಿದರೆ ಫರಸಿಯನ್ನೂ ಗಾರೆಯನ್ನೂ ಒಡೆಯಬೇಕಾಗುವದು. ತನ್ನ ಕೈಲಾಗದ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವದು ಸೋಲಲ್ಲ.

ವಾಲ್ವು ಹೊರಬಂದ ಮೇಲೆ ಗೋಡೆಯಲ್ಲಿಯ ತಿರುಪಿನ ಸಂದುಗಳಿಂದ ಹಳೆಯ ನಾರು, ಟೇಪು, ಸುಣ್ಣದ ಚೂರುಗಳನ್ನು ಬ್ರಶ್ಶಿನಿಂದ ತೆಗೆಯಬೇಕು. ಅನಂತರ ಮಾಡಬೇಕಾದ ಒಂದು ಕೆಲಸವನ್ನು ಅನೇಕರು ಮರೆಯುವರು. ಒಬ್ಬರು ಬಾಯಿಗೆ ಬಕೀಟನ್ನು ಹಿಡಿದಿರಬೇಕು, ಇನ್ನೊಬ್ಬರು ಮೇಲಿನ ವಾಲ್ವನ್ನು ಒಂದೆರಡು ಕ್ಷಣ ತೆರೆದು ಮುಚ್ಚಬೇಕು. ಪೈಪಿನಲ್ಲಿ ಕುಳಿತಿದ್ದ ಮರಳು, ಸುಣ್ಣದ ಹಳಕುಗಳೆಲ್ಲ ಹೊರಬೀಳುವವು. ಹೀಗೆ ಮಾಡದಿದ್ದರೆ ಅವೆಲ್ಲವೂ ಹೊಸ ವಾಲ್ವಿನ ಬಿಲ್ಲೆಗಳ ನಡುವೆ ಸಿಕ್ಕಿ ಮೊದಲನೆಯ ದಿನವೇ ಅದನ್ನು ಗೀರಿ ಕೆಡಿಸುವವು.

ಈಗ ಹೊಸ ವಾಲ್ವಿನ ತಿರುಪಿಗೆ ಟೆಫ್ಲಾನ್ ಟೇಪನ್ನು ಸುತ್ತಬೇಕು. ಈ ಟೆಫ್ಲಾನ್ ಎಂಬ ವಸ್ತುವು ಅಮೆರಿಕೆಯ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ 1938ರ ಏಪ್ರಿಲ್ 6ರಂದು, ಬೇರೊಂದನ್ನು ಹುಡುಕುತ್ತಿದ್ದಾಗ, ಅಕಸ್ಮಾತ್ತಾಗಿ ದೊರೆತುದು. ಈ ಟೇಪು ಬರುವ ಮೊದಲು ನಾರನ್ನು ಸುತ್ತುವ ರೂಢಿಯಿದ್ದಿತು. ತಿರುಪಿನ ತುದಿಯನ್ನು ನಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಎಳೆದು ಬಿಗಿಯಾಗಿ ಹತ್ತು ಹನ್ನೆರಡು ಸುತ್ತು ಸುತ್ತಬೇಕು. ದಿಕ್ಕು ತಪ್ಪಿದರೆ ಒಳಗೆ ತಿರುವುವಾಗ ಟೇಪು ಬಿಚ್ಚಿ ಮುದ್ದೆಯಾಗುವದು. ತುದಿಯ ಒಂದು ಹಲ್ಲನ್ನು ಬರಿದೇ ಬಿಡಬೇಕು. ಹಾಗಾದರೆ ಟೇಪಿನ ಎಳೆಯು ನೀರಿನ ದಾರಿಗೆ ಬೀಳದು. ಗೋಡೆಯ ತೂತನ್ನು ಮರೆಮಾಡುವ ತಟ್ಟೆಯನ್ನು ಮೊದಲೇ ತೊಡಿಸಿ, ವಾಲ್ವನ್ನು ಕೈಯಿಂದಲೇ ಸಾಧ್ಯವಾದಷ್ಟು ಸುತ್ತಿ, ಕೊನೆಯ ಬಿಗಿತಕ್ಕೆ ಮಾತ್ರ ಬಟ್ಟೆ ಸುತ್ತಿದ ಪಾನೆಯನ್ನು ಹಚ್ಚಬೇಕು. ಬಾಯಿಯು ಮೇಲ್ಮುಖವಾಗಿ ನಿಲ್ಲುವಂತೆ ನೋಡಿಕೊಳ್ಳಬೇಕು. ಒಂದು ವೇಳೆ ಮುಂದಕ್ಕೆ ಹೋದರೆ ಹಿಂದಕ್ಕೆ ತಿರುವಿ ಸರಿಪಡಿಸುವ ಆಸೆಯು ಬೇಡ, ಏಕೆಂದರೆ ಆಗ ಟೇಪು ಸಡಿಲವಾಗಿ ಸೋರುವದು. ಪೂರ್ತಿ ಬಿಚ್ಚಿ ಹೊಸ ಟೇಪನ್ನು ಸುತ್ತತಕ್ಕದ್ದು. ಕನೆಕ್ಷನ್ ಪೈಪಿನ ನಟ್ಟಿಗೆ ಟೇಪು ಬೇಕಾಗಿಲ್ಲ. ಅಲ್ಲಿ ನೀರನ್ನು ತಡೆಯುವದು ಒಳಗಿನ ರಬ್ಬರಿನ ವಾಶರು. ಕೈಯಿಂದ ಬಿಗಿದು, ಪಾನೆಯಿಂದ ಕಾಲು ಸುತ್ತು ಕೊಟ್ಟರೆ ಸಾಕು. ಹೆಚ್ಚು ಬಿಗಿದಷ್ಟೂ ಭದ್ರವೆಂಬದು ಭ್ರಮೆ. ವಾಶರು ಹಿಚುಕಿ ಹೋಗುವದು.

ಹೊಸ ವಾಲ್ವನ್ನು ಮುಚ್ಚಿಟ್ಟು, ಮೇಲಿನ ದೊಡ್ಡ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಕೂಡುಗಳನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ, ಕೆಳಗೆ ಹಳೆಯ ವರ್ತಮಾನಪತ್ರದ ಹಾಳೆಯನ್ನು ಹಾಸಿ ರಾತ್ರಿಯೆಲ್ಲ ಬಿಡಬೇಕು. ಕಣ್ಣಿಗೆ ಕಾಣದ ಜಿನುಗನ್ನು ಕಾಗದವು ಬೆಳಗ್ಗೆ ತೋರಿಸಿಕೊಡುವದು. ಗೀಜರಿನಲ್ಲಿ ನೀರು ತುಂಬಿ, ಬಿಸಿನೀರಿನ ನಳದಿಂದ ಎಡೆಬಿಡದ ಧಾರೆಯು ಬಂದ ಮೇಲೆಯೇ ಅದರ ವಿದ್ಯುತ್ತನ್ನು ಹಚ್ಚಬೇಕು.

ಇಷ್ಟಾದರೆ ಕೆಲಸವು ಮುಗಿಯಿತೆಂದು ವಾಚಕರು ಭಾವಿಸಬಾರದು, ಅರ್ಧ ಮುಗಿಯಿತು. ಹೊಸ ವಾಲ್ವನ್ನೂ ಹನ್ನೊಂದು ವರ್ಷ ಮುಟ್ಟದೆ ಬಿಟ್ಟರೆ ನಮ್ಮ ಸೀಮೆಯ ನೀರು ಅದನ್ನೂ ಕಲ್ಲಾಗಿಸದೆ ಬಿಡದು. ವರ್ಷಕ್ಕೆ ಎರಡು ಸಲ ಮನೆಯ ಪ್ರತಿಯೊಂದು ವಾಲ್ವನ್ನೂ ಪೂರ್ತಿ ಮುಚ್ಚಿ ಪೂರ್ತಿ ತೆರೆಯಬೇಕು. ಇದರಿಂದ ಸಂದುಗಳಲ್ಲಿ ಕೂಡಲು ಹತ್ತಿದ ತೆಳುವಾದ ಪದರು ಗಟ್ಟಿಯಾಗುವ ಮೊದಲೇ ಉದುರಿಹೋಗುವದು. ದಿನವು ಮರೆಯದಂತಿರಲು ಯುಗಾದಿಯನ್ನೂ ಮಹಾನವಮಿಯನ್ನೂ ನಾವು ಸೂಚಿಸುವೆವು. ಖಂಡೆಪೂಜೆಯ ದಿನ ಕುಡುಗೋಲು ಕೊಡಲಿಗಳನ್ನೆಲ್ಲ ತೊಳೆದು ಕುಂಕುಮ ಹಚ್ಚುವೆವಲ್ಲವೆ? ಮನೆಯನ್ನು ಕಾಯುವ ವಾಲ್ವೂ ಒಂದು ಆಯುಧವೇ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದುಂಟು. ಯಾವ ವಾಲ್ವು ಯಾವ ನೀರನ್ನು ತಡೆಯುವದೆಂಬದು ಯಜಮಾನನೊಬ್ಬನಿಗೇ ತಿಳಿದಿದ್ದರೆ ಪ್ರಯೋಜನವಿಲ್ಲ. ಪೈಪು ಬಿರಿಯುವ ಹೊತ್ತಿನಲ್ಲಿ ಯಜಮಾನನು ಹೊಲದಲ್ಲಿರಬಹುದು, ಪೇಟೆಯಲ್ಲಿರಬಹುದು. ಆದುದರಿಂದ ಪ್ರತಿಯೊಂದು ವಾಲ್ವಿಗೂ ಒಂದು ಚೀಟಿಯನ್ನು ಕಟ್ಟಿ ಹೆಸರನ್ನು ಬರೆದಿಡಬೇಕು; ಅತ್ತೆಗೂ ಸೊಸೆಗೂ ಶಾಲೆಗೆ ಹೋಗುವ ಮಕ್ಕಳಿಗೂ ತಿರುವಿಸಿ ಕಲಿಸಬೇಕು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ದಿನವೂ ನೀರನ್ನು ಮುಟ್ಟುವವರು “ಇಲ್ಲಿ ಹನಿಯುತ್ತಿದೆ” ಎಂದಾಗ, ಡಬ್ಬಿಯನ್ನು ಇಟ್ಟು ಅವರ ಬಾಯಿಯನ್ನು ಮುಚ್ಚಿಸಬಾರದು. ಕೇಡಿನ ಸುದ್ದಿಯನ್ನು ಮೊದಲು ತಂದವರ ತಲೆಯ ಮೇಲೆಯೇ ಕೇಡನ್ನು ಹೊರಿಸುವದು ಎಷ್ಟೋ ಮನೆಗಳಲ್ಲಿ ಕಂಡುಬರುವ ಅನ್ಯಾಯ.

ಮುರಿದ ಆ ವಾಲ್ವನ್ನು ನಮ್ಮ ಸ್ನೇಹಿತರ ಕೈಯಲ್ಲಿಟ್ಟು, ಒಳಗಿನ ಕಲ್ಲನ್ನು ತೋರಿಸಿ, ನಾವು ಇಷ್ಟನ್ನೂ ಹೇಳಿದೆವು. ಅವರು ಬಹಳ ಹೊತ್ತು ಅದನ್ನು ತಿರುವಿ ನೋಡಿದರು. ಆಮೇಲೆ ಎಲ್ಲರೂ ಊಟಕ್ಕೆ ಕುಳಿತಾಗ, ಬೀಗರು ಕೇಳುವಂತೆಯೇ, “ಆಕೀದೇನೂ ತಪ್ಪಿಲ್ರಿ, ಆರು ತಿಂಗಳ ಹಿಂದೇ ಹೇಳಿದ್ದಳು, ನಾನೇ ಕಿವೀ ಮ್ಯಾಲ ಹಾಕ್ಕೊಳ್ಳಲಿಲ್ಲ” ಎಂದರು. ಬಡಿಸುತ್ತಿದ್ದ ಸೊಸೆಯು ತಲೆಯೆತ್ತಲಿಲ್ಲ. ಆದರೆ ಆಕೆಯ ಕೈಯ ಸೌಟು ಒಂದು ಕ್ಷಣ ನಿಂತಿತು. ಕಳೆದ ಮಹಾನವಮಿಯಂದು ನಾವು ಪುನಃ ಅಲ್ಲಿಗೆ ಹೋಗಿದ್ದಾಗ ಆರು ವಾಲ್ವುಗಳಿಗೂ ಚೀಟಿಗಳನ್ನು ಕಟ್ಟಿದ್ದುದನ್ನು ಕಂಡೆವು. ಅಕ್ಷರಗಳು ಆಕೆಯವು.

ವಾಚಕರು ಈ ಪುಟವನ್ನು ಮುಚ್ಚಿದ ಮೇಲೆ ಎದ್ದು ಹೋಗಿ ತಮ್ಮ ಬಚ್ಚಲುಮನೆಯ ವಾಲ್ವುಗಳನ್ನು ಒಮ್ಮೆ ನೋಡಬೇಕೆಂದು ನಮ್ಮ ಬಿನ್ನಹ. ಇಂದು ರಾತ್ರಿ ನೋಡುವದಷ್ಟೇ ಸಾಕು. ಎಷ್ಟೋ ವರ್ಷಗಳಿಂದ ತಿರುಗದಿರುವದನ್ನು ತಿರುವುವದು ಮಾತ್ರ ನಾಳೆ ಬೆಳಗ್ಗೆ, ಅಂಗಡಿಯು ತೆರೆದಿರುವ ಹೊತ್ತಿನಲ್ಲಿ, ಕೊಡಗಳನ್ನು ತುಂಬಿಟ್ಟುಕೊಂಡ ಮೇಲೆ ಆಗಲಿ.